ಕಾಣದ ಪರದೆಯ ಮೇಲೆ ನೀರಿನ ಪಾಳಿ

ನೀಲಕ್ಕಾ,

ನಾನು ಗಿರಿಜಾ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅಳು ಕಡಿಮೆ, ಕೆಲಸದ ಮಾತು ಜಾಸ್ತಿ. ನೀನು ಹೋಗಿ ನಾಲ್ಕು ತಿಂಗಳಾಯಿತು. ನೀನಿದ್ದಾಗ ಹೇಳಬೇಕಾದದ್ದೊಂದಿತ್ತು, ಬಾಯಿ ಬರಲಿಲ್ಲ. ಈಗ ಬೈಯಲು ನೀನಿಲ್ಲವೆಂಬ ಧೈರ್ಯಕ್ಕೆ ಬರೆಯುತ್ತಿದ್ದೇನೋ ಏನೋ.

ಕಂಪ್ಲಿಯಲ್ಲಿ ನಮ್ಮ ರೈತರ ನೀರಿನ ಸಂಘದ ಆಫೀಸಿಗೆ ನಾನು ಮೊದಲು ಬಂದ ದಿನ ನೆನಪಿದೆಯೇ? ಹೊಸಪೇಟೆಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ನಾನು 'ನೀವು' ಅಂದದ್ದಕ್ಕೆ ನೀನು, "ಅಕ್ಕಗ ಯಾರರ ನೀವು ಅಂತಾರೇನಲೇ? ಕುಂದ್ರು" ಅಂದೆ. ಆಮೇಲೆ ನೀನೇ ಬರೆದ ಪ್ರೋಗ್ರಾಂ ತೋರಿಸಿದೆ. ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟವಳು ನೀನು, ಪುಸ್ತಕ ನೋಡಿ ಕಲಿತು, ಕಾಲುವೆ, ತೂಬು, ಒಂದೊಂದು ಗದ್ದೆಯನ್ನೂ ನಕ್ಷೆ ಮಾಡಿದ್ದೆ. ವಾರಕ್ಕೊಮ್ಮೆ ಯಾರ ಗದ್ದೆಗೆ ಯಾವ ದಿನ ನೀರಿನ ಪಾಳಿ ಅಂತ ನಾವು ಹೆಸರು ಆರಿಸಿ ಕೊಟ್ಟರೆ, ಅದು ಗದ್ದೆಗಳಿಗೆ ಬಣ್ಣ ತುಂಬುತ್ತಿತ್ತು. ಆ ಚಿತ್ರ ಶನಿವಾರ ಎಲ್ಲರ ಫೋನಿಗೆ ಹೋಗುತ್ತಿತ್ತು. ಓದಲು ಬಾರದವರೂ ತಮ್ಮ ಗದ್ದೆಯ ಬಣ್ಣ ನೋಡಿ ಗುದ್ದಲಿ ಹಿಡಿದು ಹೊರಡುತ್ತಿದ್ದರು.

ಅಣ್ಣನ ಮಗಳ ನಿಶ್ಚಯಕ್ಕೆಂದು ನೀನು ಸಂಡೂರಿಗೆ ಹೋದ ಆ ಶನಿವಾರ ಪಾಳಿ ಹಾಕುವ ಕೆಲಸ ನನ್ನದಾಗಿತ್ತು. ನಮ್ಮತ್ತೆಯ ಕಡೆಯವರು ಹಂಪಿ ನೋಡಲು ಬಂದು ನನಗಾಗಿ ಕಾಯುತ್ತಿದ್ದರು, ಫೋನಿನ ಮೇಲೆ ಫೋನು. ನಮ್ಮ ಕಡೆ ಪಂಪಾಪತಿಗಳಿಗೇನು ಬರವೇ? ಎಮ್ಮಿಗನೂರಿನ, ಕಾಲುವೆಯ ಕೊನೆ ಭಾಗದ ಪಂಪಾಪತಿಯನ್ನು ಆರಿಸುವ ಬದಲು ಮೇಲಿನ ತೂಬಿನ ಪಂಪಾಪತಿಯನ್ನು ಆರಿಸಿದೆ. ಚಿತ್ರ ಪರದೆಯ ಮೇಲೆ ನಾನು ಆರಿಸಿದ ಹಾಗೆಯೇ ಬಂತು, ಅಕ್ಕ. ಮೇಲಿನ ಗದ್ದೆಗೆ ಎರಡು ಬಣ್ಣ, ಕೊನೆಯ ಗದ್ದೆ ಬರೀ ಬಿಳಿ. ಕಣ್ಣೆತ್ತಿ ನೋಡಿದ್ದರೆ ಸಾಕಿತ್ತು. ನೋಡದೆ ಕಳಿಸಿ, ಬ್ಯಾಗು ಹಿಡಿದು ಬಸ್ಸಿಗೆ ಓಡಿದೆ.

ಮುಂದಿನ ವಾರ ಹುಲಿಗೆಮ್ಮ ಆಫೀಸಿಗೆ ಬಂದದ್ದು ನಿನಗೂ ಗೊತ್ತು. ಕೊನೆ ಭಾಗದ ಆ ಪಂಪಾಪತಿ ತೀರಿ ಎರಡು ವರ್ಷವಾಗಿತ್ತು, ಗದ್ದೆ ಮಾಡುವವಳು ಅವಳು, ಪಟ್ಟಿಯಲ್ಲಿ ಮಾತ್ರ ಇನ್ನೂ ಗಂಡನ ಹೆಸರು. ಒಣಗಿದ ನಾಟಿ ಸಸಿಗಳನ್ನು ನಿನ್ನ ಮೇಜಿನ ಮೇಲೆ ಇಟ್ಟು, "ಯಾರ್ ಮಾಡಿದ್ದವ್ವ ಇದು?" ಅಂದಳು. ನೀನು ನನ್ನ ಮುಖ ನೋಡಿದೆ. ನಾನು ಏನಂದೆ? "ನಾ ಸರಿಯಾಗೇ ಹಾಕಿದ್ದೆನಕ್ಕ. ಮಷೀನ ತಪ್ಪು ತೋರಿಸೇತಿ." ನೀನು ಒಂದು ಮಾತೂ ತಿರುಗಿ ಕೇಳಲಿಲ್ಲ. "ಹಂಗಾರ ತಪ್ಪು ನಂದವ್ವ. ಪ್ರೋಗ್ರಾಂ ಬರದಾಕಿ ನಾನು" ಅಂತ ಹುಲಿಗೆಮ್ಮನ ಕೈ ಹಿಡಿದುಕೊಂಡೆ. ಸಂಘದ ಸಭೆಯಲ್ಲೂ ನೀನು ಅದನ್ನೇ ಹೇಳಿದೆ. ನಾನು ನಿನ್ನ ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದೆ.

ಅದಾದ ಮೇಲೆ ನೀನು ವಾರಗಟ್ಟಲೆ ಆ ಪ್ರೋಗ್ರಾಂ ಒಳಗೆ ತಪ್ಪು ಹುಡುಕಿದೆ. ಸಾಲು ಸಾಲು ಓದುತ್ತಿದ್ದೆ, ಕನ್ನಡಕ ಒರೆಸುತ್ತಿದ್ದೆ. "ಎಲ್ಲಿ ಕುಂತೈತೋ, ಸಿಗವಲ್ದು ನೋಡು" ಅನ್ನುತ್ತಿದ್ದೆ. ಇಲ್ಲದ್ದು ಎಲ್ಲಿಂದ ಸಿಗಬೇಕು? ನಾನು ಚಹಾ ತಂದುಕೊಡುತ್ತಿದ್ದೆ. ಅಷ್ಟೇ ಮಾಡಿದ್ದು. ಶನಿವಾರದ ಚಿತ್ರ ಮಾಡಿ ಕಳಿಸುವ ಕೆಲಸವನ್ನು ನೀನು ಮತ್ತೆ ಯಾರ ಕೈಗೂ ಕೊಡಲಿಲ್ಲ.

ನೀನು ಹೋದ ಮೇಲೆ, ನಾನು ಮೊದಲ ಪಾಳಿ ಹಾಕುವ ಮುಂಚೆಯೇ, ಕರೆಂಟು ಹೋಗಿ ಬಂದ ಒಂದು ಮಧ್ಯಾಹ್ನ ಮಾನಿಟರ್ ಸುಟ್ಟುಹೋಯಿತು. ಕಂಪ್ಯೂಟರ್ ಉಳಿಯಿತು. ಹೊಸದು ತರೋಣವೆಂದರೆ ನಮ್ಮ ಅಧ್ಯಕ್ಷರು, "ಎಲ್ಲಾರಿಗೂ ಫೋನ್‌ನ್ಯಾಗ ಬರ್ತೈತಲ್ಲ ತಂಗಿ, ಮತ್ತ ಅದ್ಯಾಕ?" ಅಂದರು. ನಿನ್ನ ಪ್ರೋಗ್ರಾಮಿನ ಹಟ ಬೇರೆ. ಪರದೆ ಕಾಣದಿದ್ದರೆ ಏಳುವುದೇ ಇಲ್ಲ. ಎದ್ದ ಕೂಡಲೇ ಪರದೆಯ ಮೇಲೆ ತನ್ನ ಕಿಟಕಿ ತೆರೆಯಬೇಕು, ಚಿತ್ರ ಬಿಡಿಸಬೇಕು, ಎಲ್ಲಿ ಬಿಡಿಸಬೇಕು? ಆಗ ಹುಡುಕಿ ಕಲಿತೆ. ಪರದೆಯ ಹಾಗೆ ನಟಿಸುವ ಪ್ರೋಗ್ರಾಮೇ ಒಂದಿದೆ, ಅಕ್ಕ. ಗಾಜಿಲ್ಲ, ವೈರಿಲ್ಲ, ಬೆಳಕಿಲ್ಲ. ನಾನೊಂದು ಪರದೆ, ಇಷ್ಟು ಅಗಲ, ಇಷ್ಟು ಎತ್ತರ ಅಂತ ಉಳಿದ ಪ್ರೋಗ್ರಾಮುಗಳಿಗೆ ಹೇಳುತ್ತದೆ. ಅವು ನಂಬಿ ಕಂಪ್ಯೂಟರಿನ ನೆನಪಿನಲ್ಲೇ ಚಿತ್ರ ಬಿಡಿಸುತ್ತವೆ. ಮಕ್ಕಳು ಮನೆಯಾಟದಲ್ಲಿ ಬರೀ ತಟ್ಟೆಯಿಂದ ಉಂಡು ಕೈ ತೊಳೆಯುವುದಿಲ್ಲವೇ, ಹಾಗೆ. ಇಲ್ಲಿ ಮಾತ್ರ ಅನ್ನ ನಿಜವಾಗಿ ಬೇಯುತ್ತದೆ.

ಹೆಸರುಗಳನ್ನು ನನ್ನ ಲ್ಯಾಪ್‌ಟಾಪಿನಿಂದ ಕಳಿಸಿ ಮೊದಲ ಸಲ ಹಾಗೆ ಓಡಿಸಿದ ಬೆಳಿಗ್ಗೆ ಪ್ರೋಗ್ರಾಂ ಎದ್ದಿತು, ತಪ್ಪಾಗಿದೆಯೆಂಬ ಬೈಗುಳವೇನೂ ಬರಲಿಲ್ಲ. ಆದರೆ ಚಿತ್ರವೂ ಯಾರ ಫೋನಿಗೂ ಹೋಗಲಿಲ್ಲ. ಒಂದು ತಾಸು ಸುಮ್ಮನೆ ನಿಂತಿತ್ತು. ಇದೇನು ಕಿತಾಪತಿ ಅಂತ, ಆ ಕಾಣದ ಪರದೆಯ ಫೋಟೋ ಒಂದನ್ನು ನನ್ನ ಲ್ಯಾಪ್‌ಟಾಪಿಗೆ ತರಿಸಿಕೊಂಡೆ. ಬಣ್ಣ ತುಂಬಿದ ನಕ್ಷೆಯ ಮೇಲೆ ಒಂದು ಪುಟ್ಟ ಚೌಕ, ಅದರಲ್ಲಿ ನಿನ್ನ ಮಾತು:

"ಈ ಪ್ರೋಗ್ರಾಂ ಒಮ್ಮೆ ತಪ್ಪು ಮಾಡೇತಿ. ಮುಂದ ಯಾರರ ಕುಂತು ನೋಡಾಕತ್ತೀರೇನು?"

ಕೆಳಗೆ ಎರಡು ಗುಂಡಿ. 'ನೋಡೀನಿ', 'ಇಲ್ಲ'.

ನಾಚಿಕೆಯಾಯಿತು, ಅಕ್ಕ. ನನ್ನ ಸುಳ್ಳನ್ನು ನೀನು ಅಲ್ಲಿ ಕೆತ್ತಿಟ್ಟು ಹೋಗಿದ್ದೆ, ಸತ್ಯ ಅಂತ ನಂಬಿ. ಆದರೂ ಆ ದಿನ ಏನು ಮಾಡಿದೆ ಗೊತ್ತೇ? ಚೌಕ ಬಂದಾಗೆಲ್ಲ ಮಷೀನೇ 'ನೋಡೀನಿ' ಒತ್ತಿಬಿಡುವ ಹಾಗೆ ಒಂದು ಸಾಲು ಬರೆದೆ. ಎರಡು ಶನಿವಾರ ಹಾಗೇ ಹೋಯಿತು. ಯಾರೂ ನೋಡಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ, ಪಾಳಿಯೂ ತಪ್ಪಲಿಲ್ಲ. ನನಗೆ ಮಾತ್ರ ಅನ್ನ ಸೇರಲಿಲ್ಲ.

ಮೂರನೆಯ ಶನಿವಾರ ಆ ಸಾಲು ಕಿತ್ತುಹಾಕಿದೆ. ಈಗ ಆ ಪರದೆಯ ಫೋಟೋ ಮೊದಲು ನನ್ನ ಫೋನಿಗೆ ಬರುತ್ತದೆ, ಗದ್ದೆ ಗದ್ದೆ ನೋಡಿ ನಾನೇ 'ನೋಡೀನಿ' ಒತ್ತುತ್ತೇನೆ. ಚೌಕದಲ್ಲಿ ನಿನ್ನ ಪ್ರಶ್ನೆ ಹಾಗೇ ಇದೆ. ಮೊದಲನೆಯ ವಾಕ್ಯ ಅಳಿಸಿದ್ದೇನೆ. ನಿನ್ನ ಪ್ರೋಗ್ರಾಂ ಎಂದೂ ತಪ್ಪು ಮಾಡಿರಲಿಲ್ಲ, ಅಕ್ಕ. ಒಂದು ಸಲವೂ ಇಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳಿದೆ. ಅಧ್ಯಕ್ಷರು, "ಆಕಿ ಇದ್ದಾಗ ಹೇಳಬೇಕಿತ್ತವ್ವ" ಅಂದರು. ಬೈದಿದ್ದರೆ ವಾಸಿಯಿತ್ತು.

ಮೊನ್ನೆ ಎಮ್ಮಿಗನೂರಿಗೆ ಹೋಗಿ ಹುಲಿಗೆಮ್ಮನ ಮುಂದೆಯೂ ಒಪ್ಪಿಕೊಂಡೆ. ಅವಳು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಪೂರ್ತಿ ಕೇಳಿ, "ಈಗ ಹೇಳಿದ್ರ ಆ ಸಸಿ ಎದ್ದು ಕುಂದ್ರತಾವೇನು?" ಅಂದಳು. ರೊಟ್ಟಿ ಮುರಿಯುತ್ತಾ ಮತ್ತೆ ಅವಳೇ, "ಪಾಪ, ನೀಲಮ್ಮನ್ನ ಭಾಳ ಬೈದಿದ್ದೆ ನಾನು" ಅಂದಳು. ಆಮೇಲೆ, "ಹೋಗ್ಲಿ. ಇನ್ನ ಮ್ಯಾಲರ ಸತ್ತಾಂವನ ಹೆಸರ್ಲೆ ನೀರು ಬಿಡಬ್ಯಾಡ್ರಿ. ಬದುಕಿದಾಕಿ ಹೆಸರು ಹಾಕು" ಅಂದಳು.

ನೀನು ಹಾಕಿದ ಪಟ್ಟಿಯನ್ನು ಮೊದಲ ಸಲ ತಿದ್ದಿದ್ದೇನೆ. ಈ ಶನಿವಾರದ ಚಿತ್ರದಲ್ಲಿ ಕೊನೆ ಭಾಗದ ಗದ್ದೆಯ ಮೇಲೆ 'ಹುಲಿಗೆಮ್ಮ' ಅಂತಿದೆ, ಹಸಿರು ಬಣ್ಣ, ಗುರುವಾರ ಬೆಳಿಗ್ಗೆ ಆರು ಗಂಟೆ. ಮೊದಲ ಬಸ್ಸಿಗೆ ಹೋಗಿ, ನೀರು ಅವಳ ಗದ್ದೆ ಮುಟ್ಟುವವರೆಗೂ ಅಲ್ಲೇ ನಿಂತಿರುತ್ತೇನೆ.

ನಿನ್ನ
ಗಿರಿಜಾ