ಖಾಲಿ ಹೊಟ್ಟೆಯನ್ನು ತೂಗುವ ಅಧಿಕಾರಿಗಳಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಬಡಾವಣೆಯ ಉದ್ಯಾನದ ಗೇಟಿಗೆ ನೀವು ಕಟ್ಟಿಸಿರುವ ಫ್ಲೆಕ್ಸಿನಲ್ಲಿ ನನ್ನ ಸೊಸೆ ಮೈತ್ರೇಯಿ ನಗುತ್ತಿದ್ದಾಳೆ. ಕೆಳಗೆ 'ತಿಂಡಿ ಬಿಟ್ಟರು, ತೂಕ ಗೆದ್ದರು' ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಆ ಫೋಟೋ ತೆಗೆದ ಸ್ವಲ್ಪ ಹೊತ್ತಿಗೆಲ್ಲ ಅವಳು ನಿಮ್ಮ ಶಾಮಿಯಾನದ ಕೆಳಗೇ ತಲೆಸುತ್ತಿ ಬಿದ್ದಳು. ಅದನ್ನು ಬರೆಸಲು ಫ್ಲೆಕ್ಸಿನಲ್ಲಿ ಜಾಗ ಸಾಲಲಿಲ್ಲವೇ? ಈ ಪತ್ರವನ್ನು ನಿಮ್ಮ ಕಚೇರಿಗೆ ಕೊಟ್ಟರೆ ಯಾವುದೋ ಕಡತದೊಳಗೆ ಸುಖನಿದ್ದೆಗೆ ಜಾರುತ್ತದೆಂಬ ಅನುಮಾನದಿಂದ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಅನುಮಾನ ನನ್ನ ಸ್ವಭಾವ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು ನಾನು. ಉತ್ತರ ಸರಿಯಿದ್ದರೂ ಅದು ಬಂದ ದಾರಿ ತೋರಿಸು ಎನ್ನುತ್ತಿದ್ದೆ. ನಿಮ್ಮ 'ಹಗುರ ಬಡಾವಣೆ' ಅಭಿಯಾನದ ದಾರಿಯೇ ನನಗೆ ಸರಿಕಾಣಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ತೂಕ ನೋಡಿಸಿಕೊಳ್ಳಬೇಕಂತೆ, ಹೆಚ್ಚು ತೂಕ ಇಳಿಸಿದ ಬಡಾವಣೆಗೆ ಪಾರಿತೋಷಕವಂತೆ. ಉದ್ಘಾಟನೆಯ ದಿನ ನಿಮ್ಮ ಉಪನ್ಯಾಸಕರು ಬೆಳಗಿನ ತಿಂಡಿಯೇ ಬೊಜ್ಜಿನ ಬೇರು ಎಂದು ಮೈಕು ಹಿಡಿದು ಸಾರಿದರು. ಎದುರಿಗೆ ಕೂತಿದ್ದವರಲ್ಲಿ ಹೆಚ್ಚಿನವರು ಮನೆಮಂದಿಗೆಲ್ಲ ತಿಂಡಿ ಬಡಿಸಿ, ತಾವು ತಿನ್ನದೆ ಓಡಿಬಂದಿದ್ದ ಹೆಂಗಸರು. ಅವರ ಪೈಕಿ ನನ್ನ ಸೊಸೆಯೂ ಒಬ್ಬಳು.

ನಮ್ಮೂರಿನಲ್ಲಿ ಬೆಳಿಗ್ಗೆ ಎದುರು ಸಿಕ್ಕವರನ್ನೆಲ್ಲ 'ತಿಂಡಿ ಆಯ್ತಾ?' ಎಂದು ಕೇಳುವುದು ವಾಡಿಕೆ. 'ಆಯ್ತು' ಎನ್ನುವುದೂ ವಾಡಿಕೆಯೇ, ನಿಜವಾಗಿ ಆಗಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಮೈತ್ರೇಯಿಯೂ ಹಾಲಿನವನಿಗೆ, ಪಕ್ಕದ ಮನೆಯವರಿಗೆ, ನನಗೆ, ಎಲ್ಲರಿಗೂ ಆಯ್ತು ಎಂದೇ ಹೇಳುತ್ತಿದ್ದಳು. ನಿಮ್ಮ ಅಭಿಯಾನ ಬಂದ ಮೇಲೆ ಆ ಸುಳ್ಳು ಹೇಳುವ ಕಷ್ಟವೂ ತಪ್ಪಿತು. 'ಡಯಟ್‌ನಲ್ಲಿದ್ದೀನಿ' ಎಂದರೆ ಮುಗಿಯಿತು. ಮಗ ಪ್ರದ್ಯುಮ್ನ ಹೆಂಡತಿಯ ಮನೋಬಲವನ್ನು ಮೆಚ್ಚಿಕೊಂಡು, ತನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿಸಿಕೊಂಡ. ಹೆಂಗಸು ಕೊನೆಗೆ ತಿನ್ನುವುದು, ಉಳಿಯದಿದ್ದರೆ ತಿನ್ನದಿರುವುದು ನಮ್ಮ ಅಜ್ಜಿಯರ ಕಾಲದ ರೂಢಿ. ಅದಕ್ಕೆ ಇಲಾಖೆಯ ಮೊಹರು ಬಿದ್ದದ್ದು ಮಾತ್ರ ಈಗ.

ಆದರೆ ಇಷ್ಟಾದರೂ ತೂಕ ಇಳಿಯಲಿಲ್ಲ. ನನಗೆ ಅನುಮಾನ ಬಂತು. ಸೊಸೆಯನ್ನು ಅನುಮಾನಿಸಲು ಅತ್ತೆ ಮುಹೂರ್ತ ನೋಡಬೇಕಾಗಿಲ್ಲವಲ್ಲ. ಒಂದು ದಿನ ದೇವರ ಮುಂದೆ ಸ್ತೋತ್ರ ಹೇಳುತ್ತಲೇ ಮೆಲ್ಲಗೆ ಎದ್ದು ಹೋಗಿ ಅಡುಗೆಮನೆಗೆ ಇಣುಕಿದೆ. ತಿಂಡಿಯ ಹೊತ್ತು ಕಳೆದು ಎಷ್ಟೋ ಆಗಿತ್ತು. ಮೈತ್ರೇಯಿ ನಿಂತುಕೊಂಡೇ, ಬಾಣಲೆಯಿಂದಲೇ, ತಣ್ಣಗೆ ಗಟ್ಟಿಯಾಗಿದ್ದ ಉಪ್ಪಿಟ್ಟನ್ನು ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಮೊಮ್ಮಗಳು ಬಿಟ್ಟುಹೋದ ದೋಸೆಯ ಚೂರುಗಳು, ಅದರ ಮೇಲೆ ಡಬ್ಬಿಯಲ್ಲಿದ್ದ ಕೋಡುಬಳೆ, ಯಾವುದನ್ನೂ ಬಿಡಲಿಲ್ಲ. ಹಸಿವು ನಿಮ್ಮ ಕಚೇರಿಗೆ ಬರುವ ಜನರಂತೆ ಅರ್ಜಿ ಹಾಕಿ ಕಾಯುವುದಿಲ್ಲ ಮಾನ್ಯರೇ. ತಿಂದದ್ದು ಭಾನುವಾರ ಯಂತ್ರಕ್ಕೆ ಗೊತ್ತಾಗಬಾರದೆಂದು ಶನಿವಾರ ರಾತ್ರಿ ಊಟವನ್ನೂ ಬಿಡುತ್ತಿದ್ದಳು, ನೀರನ್ನೂ ಕುಡಿಯುತ್ತಿರಲಿಲ್ಲ. ಇದು ನನಗೆ ತಿಳಿದದ್ದು ಆಮೇಲೆ.

ಅವಳು ಬಿದ್ದ ದಿನ ನಾನು ಅಲ್ಲೇ ಇದ್ದೆ. ತೂಕ ಇಳಿದಿತ್ತು, ಚಪ್ಪಾಳೆ ಬಿತ್ತು, ಫೋಟೋ ಆಯಿತು, ಅವಳು ಕುಸಿದಳು. ನಿಮ್ಮ ಸಿಬ್ಬಂದಿಯೊಬ್ಬರು ಮೊದಲು ಕೇಳಿದ್ದು 'ತೂಕ ಬರ್ಕೊಂಡ್ರಾ?' ಎಂದು. ನೀರು ಬಂದದ್ದು ಆಮೇಲೆ. ಆ ನೀರನ್ನು ಹುಡುಕಿಕೊಂಡು ಶಾಮಿಯಾನದ ಹಿಂದೆ ಹೋದಾಗ ಅಲ್ಲಿ ಇಡ್ಲಿ ವಡೆಯ ಪೊಟ್ಟಣಗಳು ಬಿಚ್ಚಿದ್ದವು, ಚಟ್ನಿ ಘಮಘಮಿಸುತ್ತಿತ್ತು. ಬೊಜ್ಜಿನ ಬೇರು ನಿಮ್ಮವರ ಪಾಲಿಗೆ ಬೇರೆಯೇ ಗಿಡದ್ದೇ?

ಎಲ್ಲರನ್ನೂ ಒಂದೇ ಸ್ಥಿತಿಯಲ್ಲಿ ತೂಗಬೇಕಾದ್ದರಿಂದ ಖಾಲಿ ಹೊಟ್ಟೆ ಎಂದು ನೀವು ಸಮಜಾಯಿಷಿ ಕೊಡುತ್ತೀರಿ, ಗೊತ್ತು. ಹಾಗಾದರೆ ಎಲ್ಲರನ್ನೂ ತಿಂಡಿ ಆದ ಮೇಲೆ ತೂಗಿ. ಅದೂ ಒಂದೇ ಸ್ಥಿತಿಯಲ್ಲವೇ? ಹಾಗೆ ಮಾಡಿದರೆ ಅಂಕಿ ಅಷ್ಟು ಅಂದವಾಗಿ ಕಾಣುವುದಿಲ್ಲ. ನಿಮಗೆ ಇಳಿಯಬೇಕಾದದ್ದು ಅಂಕಿ, ಬೊಜ್ಜಲ್ಲ ಎಂಬುದು ನನ್ನ ಅನುಮಾನ. ತಪ್ಪೆಂದು ಸಾಬೀತು ಮಾಡಿದರೆ ಸಂತೋಷಪಡುತ್ತೇನೆ.

ಅವಳು ಬಿದ್ದ ದಿನ ಶಾಮಿಯಾನದಿಂದ ಅವಳನ್ನು ನೇರವಾಗಿ ನಮ್ಮ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಬೆಳಿಗ್ಗೆ ತಿಂಡಿಗೆ ಏನು ಎಂದು ಅವರು ಕೇಳಿದರು. ಮೈತ್ರೇಯಿ ಥಟ್ಟನೆ ಹೇಳಿದಳು: "ಅವರ ಡಬ್ಬಿಗೆ ಚಪಾತಿ, ಮಗಳಿಗೆ ದೋಸೆ, ಅತ್ತೆಗೆ ಉಪ್ಪಿಟ್ಟು."

"ಅದು ಮನೆಯವರ ತಿಂಡಿ ಆಯ್ತು ಕಣಮ್ಮ. ನಿಮ್ಮದು ಹೇಳಿ."

ಮೈತ್ರೇಯಿ ನನ್ನ ಮುಖ ನೋಡಿದಳು. ಡಾಕ್ಟರಮ್ಮ ಹೇಳಿದ್ದು ಬಹಳ ಸರಳ: ತೂಕ ಇಳಿಯಬೇಕಾದರೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಕೂತು ತಿನ್ನಿ, ಕಾಳು ತರಕಾರಿ ಹೆಚ್ಚಿರಲಿ, ಎಣ್ಣೆ ಕಡಿಮೆಯಿರಲಿ, ಆಗ ಮಧ್ಯಾಹ್ನದೊಳಗೆ ಕೈ ಡಬ್ಬಿಗೆ ಹೋಗುವುದಿಲ್ಲ. ಸಂಜೆ ನಡೆಯಿರಿ. ಇದಕ್ಕೆ ಶಾಮಿಯಾನವೂ ಬೇಡ, ಪಾರಿತೋಷಕವೂ ಬೇಡ.

ಮರುದಿನ ಎಲ್ಲರಿಗಿಂತ ಮೊದಲು ಅವಳನ್ನು ಕೂರಿಸಿ ಒಲೆಯ ಮುಂದೆ ನಾನು ನಿಂತೆ. ದೋಸೆ, ಹೆಸರುಕಾಳಿನ ಉಸಲಿ, ಒಂದು ಲೋಟ ಮಜ್ಜಿಗೆ. ಎರಡನೆಯ ದೋಸೆ ಮುಗಿದಾಗ ಇನ್ನೊಂದು ಹಾಕಲೇ ಎಂದು ಕೇಳಿದೆ.

"ಗೊತ್ತಾಗ್ತಿಲ್ಲ ಅತ್ತೆ. ಎಷ್ಟು ತಿಂದ್ರೆ ನಂಗೆ ಸಾಕಾಗತ್ತೆ ಅಂತ ಕೂತ್ಕೊಂಡು ತಿಂದು ನೋಡೇ ಇಲ್ಲ."

ಹೊಟ್ಟೆ ತುಂಬುವುದೆಂದರೇನೆಂದು ತಿಳಿಯದವಳಿಗೆ ಹೊಟ್ಟೆ ಕಟ್ಟುವುದನ್ನು ಕಲಿಸಿ ಬಹುಮಾನ ಕೊಟ್ಟಿದ್ದೀರಿ ಸ್ವಾಮಿ. ಆ ಫ್ಲೆಕ್ಸ್ ಇಳಿಸಿ. ಭಾನುವಾರದ ತೂಕವನ್ನು ತಿಂಡಿಯ ನಂತರಕ್ಕೆ ಹಾಕಿ. ನಿಮ್ಮ ಉಪನ್ಯಾಸಕರು ಅದೇ ಮೈಕಿನಲ್ಲಿ ಮಾತು ಹಿಂದಕ್ಕೆ ತೆಗೆದುಕೊಳ್ಳಲಿ. ಮೈತ್ರೇಯಿಯ ಬಾಯಿಂದ 'ಸಾಕು' ಎಂಬ ಮಾತು ತಾನಾಗಿ ಬರುವವರೆಗೆ ಅವಳು ನಿಮ್ಮ ಯಂತ್ರ ಹತ್ತುವುದಿಲ್ಲ.

ಇಂತಿ,
ಅನುಮಾನವನ್ನೆಲ್ಲ ಇಷ್ಟು ಕಾಲ ಸೊಸೆಯ ಮೇಲೇ ಖರ್ಚು ಮಾಡಿದ
ಚಂದ್ರಮತಿ
ಲಕ್ಷ್ಮೀಪುರಂ, ಮೈಸೂರು