ಬ್ರೌನ್ ಪಾಲಿಶ್ ಡಬ್ಬಿ

4 ಫೆಬ್ರುವರಿ 2025, ಮಂಗಳವಾರ

ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳು ಜೋಡಿ ಬೂಟು. ಎಲ್ಲವೂ ಕಪ್ಪು. ಬ್ಯಾಂಕಿನವರು ಬೂಟಿಗೆ ಲಿಕ್ವಿಡ್ ಪಾಲಿಶ್ ಬಳಿದುಕೊಂಡು ಬಂದಿದ್ದರು. ಮುಖ ತೊಳೆಯದೆ ಪೌಡರ್ ಹಚ್ಚಿದ ಹಾಗೆ! ಬೈದೆ. ನಕ್ಕರು.

ಹನ್ನೊಂದಕ್ಕೆ ಕಲಘಟಗಿ ಬಸ್ಸು. ಕಂಡಕ್ಟರ್ ಸಾಧಿಕ್ ಚೀಲ ಇಳಿಸಿಕೊಟ್ಟ — ತಮ್ಮನ ಬೂಟು. ಫಕೀರೇಶ ದೇವಿಕೊಪ್ಪದಲ್ಲಿ ಫಾರೆಸ್ಟ್ ಗಾರ್ಡ್. ಎರಡು ಜೋಡಿ ಇವೆ. ಒಂದು ಅವನ ಕಾಲಲ್ಲಿ, ಒಂದು ನನ್ನ ಕೈಯಲ್ಲಿ. ಆರು ವರ್ಷದಿಂದ ಹೀಗೇ. ನಮ್ಮ ಅಣ್ಣಿಗೇರಿಯ ಬೂಟಿಗೆಲ್ಲ ಕಪ್ಪು ಎರೆಮಣ್ಣು, ಇವನದಕ್ಕೆ ಮಾತ್ರ ಕೆಂಪು ಮಣ್ಣು. ಬ್ರೌನ್ ಪಾಲಿಶ್ ತರುವುದೂ ಇವನೊಬ್ಬನಿಗಾಗಿಯೇ.

ಮೊದಲು ಲೇಸು ಬಿಚ್ಚಬೇಕು. ಬೂಟಿನ ನಾಲಿಗೆ ಎತ್ತಿ ಬ್ರಷ್. ಒದ್ದೆ ಬಟ್ಟೆ. ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ. ಆಮೇಲೆ ಎರಡು ಬೆರಳಿಗೆ ಬಟ್ಟೆ ಸುತ್ತಿ, ಸಣ್ಣ ಸಣ್ಣ ಸುತ್ತು… ಒಂದು ಹನಿ ನೀರು… ಮತ್ತೆ ಸುತ್ತು. ತಲೆ ಮೇಲಿನ ಬೇವಿನ ಕೊಂಬೆ ಬೂಟಿನ ಮೂತಿಯಲ್ಲಿ ಕಂಡಿತು. ಆ ಹೊತ್ತಿಗೆ ನನಗೆ ಯಾರೂ ಬೇಡ, ಏನೂ ಬೇಡ. ಅಗದಿ ಸಮಾಧಾನ.

11 ಫೆ., ಮಂಗಳವಾರ

ಫಕೀರೇಶನ ಫೋನು.

"ಯಣ್ಣಾ, ಈ ಸಲ ಮಾರಿ ಕಾಣೂವಂಗ ಹೊಳಸು. ಐತವಾರ ದೊಡ್ಡ ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬರಾಕತ್ತಾರ."

"ಐತವಾರ ಎಂಥಾ ಇನ್‌ಸ್ಪೆಕ್ಷನ್ನಲೇ?"

"ಸಾಹೇಬ್ರಿಗಿ ಐತವಾರ ಏನು, ಸೋಮವಾರ ಏನು!"

ಅದೂ ಖರೆಯೇ. ಇವತ್ತು ಬಂದ ಜೋಡಿಗೆ ಮೂರು ಕೋಟ್ ಪಾಲಿಶ್ ಹಾಕಿದೆ. ದುರಗವ್ವ ಊಟಕ್ಕೆ ಕರೆದು ಕರೆದು ಸಾಕಾಗಿ, "ನನ್ನ ಬದಲಿ ಆ ಬೂಟಿನ ಕೂಡನ ಲಗ್ನಾ ಆಗಬೇಕಿತ್ತು ನೀವು" ಎಂದಳು. ಹೆಂಡತಿಗೇನು ಗೊತ್ತು — ತಮ್ಮನ ಮರ್ಯಾದೆ ಇದು.

ಶಲವಡಿಯಲ್ಲೊಂದು ಹೆಣ್ಣಿದೆ ಎಂದರೆ, ಈ ವರ್ಷ ಬೇಡ ಎನ್ನುತ್ತಾನೆ. ಅಪ್ಪ ಹೋದಾಗ ಅವನಿಗೆ ಐದು ವರ್ಷ. ಎತ್ತಿ ಬೆಳೆಸಿದವನು ನಾನು. ಅವನ ಮದುವೆಯಲ್ಲಿ ಮೊದಲ ಅಕ್ಕಿಕಾಳು ನನ್ನ ಕೈಯಿಂದಲೇ ಬೀಳಬೇಕು. ಅದೊಂದೇ ಆಸೆ.

18 ಫೆ., ಮಂಗಳವಾರ, ಮಧ್ಯಾಹ್ನ

ಬೂಟು ಬಂತು. ಚೀಲ ಕೊಡುವಾಗ ಸಾಧಿಕ್, "ಜ್ವರ ಬಿಟ್ಟಾವೇನ್ರಿ?" ಎಂದ. ಎಂಥ ಜ್ವರ? ಕೇಳುವಷ್ಟರಲ್ಲಿ ಬಸ್ಸು ಬಿಟ್ಟಿತು.

ಲೇಸು ಬಿಚ್ಚಿ ನಾಲಿಗೆ ಎತ್ತಿದೆ. ಮೂರು ಅಕ್ಕಿಕಾಳು. ಅರಿಷಿಣ ಹಚ್ಚಿದ್ದು. ಯಾರದೋ ಮದುವೆಗೆ ಹೋಗಿರಬೇಕು, ಹಿಂದಿನವರು ಎಸೆದದ್ದು ಬಿದ್ದಿರಬೇಕು. ಇನ್ನೊಂದು ಬೂಟು ನೋಡಿದೆ. ಅದರಲ್ಲಿ ಐದು.

ಸಂಜೆ 5

ಬಸ್ಸು ಗದಗಿನಿಂದ ತಿರುಗಿ ಬಂತು.

"ಸಾಧಿಕ್, ಫಕೀರೇಶ ಐತವಾರ ಯಾರ ಲಗ್ನಕ್ಕ ಹೋಗಿದ್ದಲೇ?"

"ಹಿಂಗ್ಯಾಕ ಕೇಳ್ತೀರಿ ಗುಡದಪ್ಪಣ್ಣ? ಅವಂದ ಲಗ್ನ ಅಲ್ಲೇನ್ರಿ! ಯೂನಿಫಾರ್ಮ್ ಹಾಕ್ಕೊಂಡು ಸ್ಟೇಜ್ ಮ್ಯಾಲ ನಿಂತಿದ್ದ. ಅಣ್ಣಗ ಜ್ವರ, ಬರಾಕಾಗಲಿಲ್ಲ ಅಂದ…"

ನನ್ನ ಮುಖ ನೋಡಿ ಅವಸರದಲ್ಲಿ ಬಸ್ಸು ಹತ್ತಿದ. ಪಾಪ, ಅವನ ತಪ್ಪೇನು.

ಮದುವೆಗೆ ಬೂಟು ಹೋಯಿತು. ಅಣ್ಣ ಹೋಗಲಿಲ್ಲ. ಮೂರು ಕೋಟ್ ಹಾಕಿ ಮದುಮಗನ ಕಾಲು ಹೊಳೆಸಿದವನು ನಾನೇ! ಇಷ್ಟೆಲ್ಲ ಮುಚ್ಚಿಟ್ಟ ಜಾಣ, ಬೂಟನ್ನಾದರೂ ಝಾಡಿಸಿ ಕಳಿಸಬಾರದಿತ್ತೇ? ಎಲ್ಲಿ ಬರಬೇಕು ಆ ಬುದ್ಧಿ. ಆರು ವರ್ಷದಲ್ಲಿ ಒಮ್ಮೆಯೂ ತಾನೇ ಲೇಸು ಬಿಚ್ಚಿದವನಲ್ಲ. ಬಿಚ್ಚಲು ಅಣ್ಣ ಇದ್ದನಲ್ಲ.

19 ಫೆ.

ಅವನದೇ ಫೋನು. "ಯಣ್ಣಾ, ಬೂಟ್ ಬಸ್ಸಿಗೆ ಹಾಕಿದೇನು?"

"ಇನ್‌ಸ್ಪೆಕ್ಷನ್ ಹೆಂಗಾತೋ?"

"ಚೊಲೋ ಆತು."

"ಹೌದೌದು. ಅಕ್ಕಿಕಾಳೂ ಬಾಳ ಬಿದ್ದಾವ."

ಅವನ ದನಿ ಸಣ್ಣದಾಯಿತು — "ಹುಡುಗಿ ಮಂದಿಗಿ ನೀ ರೇಲ್ವೆದಾಗ ಅದೀ ಅಂತ ಹೇಳಿದ್ದೆ. ಬಸ್‌ಸ್ಟ್ಯಾಂಡ್‌ನ್ಯಾಗ ಕುಂದರ್ತೀ ಅಂತ ಗೊತ್ತಾದ್ರ… ತಿಳ್ಕೋ ಯಣ್ಣಾ."

ತಿಳಿದುಕೊಂಡೆ. ನಂಬಿಸಿ ಗೋಣು ಕೊಯ್ದ. ಇದೇ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅವನನ್ನು ಓದಿಸಿದ್ದು. ಆಗ ನಾಚಿಕೆ ಬರಲಿಲ್ಲ.

ದುರಗವ್ವ ಅತ್ತಳು, ಶಾಪ ಹಾಕಿದಳು. "ಒಲಿಯಾಗ ಹಾಕ್ರಿ ಆ ಬೂಟ್ನ!"

"ಚರ್ಮ ಏನ್ ತಪ್ಪ ಮಾಡೈತಿ?" ಎಂದೆ.

22 ಫೆ., ಶನಿವಾರ

ಮೂರು ದಿನ ಮುಟ್ಟಲಿಲ್ಲ. ಮೂಲೆಯಲ್ಲಿ ಬಿದ್ದಿದ್ದವು. ಕೆಂಪು ಮಣ್ಣು ಒಣಗಿ, ಬೆರಳು ಮಡಚುವ ಕಡೆ ಚರ್ಮ ಬಿರುಸಾಗತೊಡಗಿತು. ನೋಡಲಾಗಲಿಲ್ಲ. ಕೂತೆ.

ಮೊದಲ ಕೋಟ್ ಬೈಯುತ್ತಲೇ ಹಾಕಿದೆ. ಎರಡನೆಯದಕ್ಕೆ ಬೈಗುಳ ಮುಗಿದವು. ಮೂರನೆಯದಕ್ಕೆ ಆ ಸಮಾಧಾನ ಬಂದೇ ಬಂತು, ನಾಚಿಕೆಗೆಟ್ಟದ್ದು. ಅದಕ್ಕೇ ಇನ್ನಷ್ಟು ಸಿಟ್ಟು. ಇದನ್ನೂ ಅವನು ಕಸಿದುಕೊಂಡಿದ್ದರೆ ಒಳ್ಳೆಯದಿತ್ತು.

ಎಂಟು ಕಾಳನ್ನೂ ವಾಪಸ್ ಬೂಟಿನೊಳಗಿಟ್ಟೆ. ಮೇಲೆ ನನ್ನ ಕೈಯಿಂದ ಒಂದು ಚಿಟಿಕೆ ಅಕ್ಕಿಕಾಳು ಹಾಕಿದೆ. ಆಶೀರ್ವಾದವೋ ಚುಚ್ಚುಮಾತೋ, ನನಗೇ ಗೊತ್ತಿಲ್ಲ. ಬಸ್ಸಿಗೆ ಕೊಟ್ಟೆ.

4 ಮಾರ್ಚ್

ಚೀಲ ಬರಲಿಲ್ಲ.

18 ಮಾರ್ಚ್, ಮಂಗಳವಾರ

ಹನ್ನೊಂದರ ಬಸ್ಸು. ಸಾಧಿಕ್ ಬರಿಗೈಯಲ್ಲಿ ಇಳಿದ. ಚಹಾ ತರಿಸಿದೆ. ಕುಡಿಯುತ್ತ, ನೆಲ ನೋಡುತ್ತ ಹೇಳಿದ:

"ಇನ್ಮ್ಯಾಲೆ ಕಳಸೂದಿಲ್ಲಂತ್ರಿ. ಕಲಘಟಗಿಯಾಗ ಒಬ್ಬಾಂವನ್ನ ಹಿಡದಾನ. ಅವನ ಕಡೆನ ಮಾಡಿಸ್ತಾನಂತ."

"ಲೇಸ್ ಬಿಚ್ಚಿ ಮಾಡ್ತಾನೇನು ಅವ?"

"ನನಗೇನ್ ಗೊತ್ರಿ ಅಣ್ಣಾ."

ಬೆಳಿಗ್ಗೆ ಒಂಬತ್ತು ಜೋಡಿ ಆಗಿದ್ದವು. ಎಲ್ಲವೂ ಕಪ್ಪು. ಬ್ರೌನ್ ಡಬ್ಬಿ ಅರ್ಧ ಉಳಿದಿದೆ. ಒಣಗಬಾರದು ಎಂದು ಮುಚ್ಚಳ ಬಿಗಿದೆ. ಈ ಊರಲ್ಲಿ ಬ್ರೌನ್ ಬೂಟು ಹಾಕುವವರು ಯಾರೂ ಇಲ್ಲ.