ಬೋಳಿಸಿದ ತಲೆ

ಮೆಕ್ಕಾದಿಂದ ಮರಳಿದವರ ಮುಖದಲ್ಲಿ ಏನೋ ಇರುತ್ತದೆ ಎನ್ನುತ್ತಿದ್ದೆಯಲ್ಲ ಅಮ್ಮ, ಬೆಳಕೋ ದಣಿವೋ, ಮರೆತಿದ್ದೇನೆ. ಇವತ್ತು ತಾಷ್ಕೆಂಟಿನಿಂದ ಸಮರ್ಕಂದಕ್ಕೆ ಬರುವ ಅತಿವೇಗದ ರೈಲಿನಲ್ಲಿ, ಎದುರು ಕುಳಿತ ಮುದುಕಿಯೊಬ್ಬಳು ನನ್ನ ಟೋಪಿಯ ಕೆಳಗಿನ ಬೋಳಿಸಿದ ತಲೆಯನ್ನು ಗಮನಿಸಿದಳು.

"ಉಮ್ರಾ ಮುಗಿಸ್ಕೊಂಡು ಬಂದ್ಯಾ, ಮಗಾ?"

ಮೆಕ್ಕಾ ಯಾತ್ರೆ ಮುಗಿಸಿದ ಗಂಡಸರು ತಲೆ ಬೋಳಿಸಿಕೊಳ್ಳುವುದು ವಾಡಿಕೆ; ಆದರೆ ನಾನು ಬರುತ್ತಿದ್ದುದು ಇಸ್ತಾಂಬುಲಿನಿಂದ. ಕೂದಲು ಉದುರಿದ ಜಾಗದಲ್ಲಿ ಮತ್ತೆ ಕೂದಲು ನಾಟಿ ಮಾಡಿಸಿಕೊಳ್ಳಲು ಹೋಗಿದ್ದೆ. ತಲೆ ಬೋಳಿಸಿದ್ದು ಅಲ್ಲಿನ ನರ್ಸು. ಈ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲಾಗದೆ ಹೌದೆಂದು ತಲೆಯಾಡಿಸಿದೆ.

ಅವಳು ನನ್ನ ತೋಳು ಮುಟ್ಟಿ, ಮುಟ್ಟಿದ ತನ್ನ ಕೈಯನ್ನು ಪುಣ್ಯವೆಂಬಂತೆ ಮುಖಕ್ಕೆ ಒತ್ತಿಕೊಂಡಳು.

"ಹಾಜಿ, ಇವಳ ಬಾಯಿ ಸ್ವಲ್ಪ ಕಮ್ಮಿ ಆಗ್ಲಿ ಅಂತ ದುವಾ ಮಾಡಪ್ಪ," ಎಂದ ಪಕ್ಕದಲ್ಲಿದ್ದ ಅವಳ ಗಂಡ.

"ನೀವು ಸುಮ್ನಿರಿ. ನಮ್ಮ ಮಗಳ ಮಡಿಲು ತುಂಬ್ಲಿ ಅಂತ ಬೇಡ್ಕೋ, ಮಗಾ."

ನಾನು ಅಂಗೈಗಳನ್ನು ಬಿಡಿಸಿ ಹಿಡಿದೆ. ಅವರಿಬ್ಬರೂ ಹಿಡಿದರು, ಆಚೆ ಸಾಲಿನವರೂ ಹಿಡಿದರು. ಪ್ರಾರ್ಥನೆ ಹೇಳಿ ಮುಗಿಸಿದೆ. ಎಲ್ಲರೂ ಆಮೀನ್ ಎಂದರು.

"ಅಮ್ಮನ್ನೂ ಕರ್ಕೊಂಡು ಹೋಗಿದ್ದೆ ತಾನೇ?" ಎಂದು ಅವಳು ಕೇಳಿದಳು.

ನೀನು ಸಮರ್ಕಂದ ಬಿಟ್ಟು ಎಲ್ಲಿಗೂ ಹೋಗದೆಯೇ ತೀರಿಕೊಂಡೆ. ಆದರೂ ಹೌದು ಎಂದೆ.

"ಕಾಬಾ ಸುತ್ತ ಅಷ್ಟೊಂದು ನಡೆದ್ರಾ, ಪಾಪ?"

ನಡೆದಳು ಎಂದೆ.

ನಿನ್ನ ಮಂಡಿ ಅಷ್ಟು ನಡಿಗೆಯನ್ನು ತಡೆದುಕೊಳ್ಳುತ್ತಿತ್ತೇ, ಅಮ್ಮ?